ಒಂಟಿಕೊಪ್ಪಲಿನ ಮೇಷ್ಟ್ರ ರೇಡಿಯೊ, ನಮ್ಮೂರ ಕಡೆಯ ಹಾಡು

ದೇವನೂರಿನ ಕಡೆ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಎಫ್‌ಎಂ ತೆರೆದು 100.6ಕ್ಕೆ ತಂದರೆ ಮೈಸೂರು ಆಕಾಶವಾಣಿ. ‘ಆಕಾಶವಾಣಿ’ ಅನ್ನುವ ಈ ಹೆಸರು ದೆಹಲಿಯಲ್ಲಿ ಹುಟ್ಟಿ ನಮ್ಮ ಕಡೆಗೆ ಬಂತು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಡೆದದ್ದು ತಿರುವುಮುರುವು. ಹೆಸರು ಮೈಸೂರಿನಲ್ಲಿ ಮೊದಲು ಬಳಕೆಗೆ ಬಂತು, ಇಪ್ಪತ್ತು ವರ್ಷ ಕಳೆದ ಮೇಲೆ ದೇಶಕ್ಕೆಲ್ಲ ಆಯಿತು. ಅದನ್ನು ಮೊದಲು ಬಳಸಿದ್ದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಕಾಲೇಜಿನ ಒಬ್ಬ ಮೇಷ್ಟ್ರು, ತಮ್ಮ ಮನೆಯಲ್ಲಿ.

ಕ್ಯಾಂಪಸ್ ರೇಡಿಯೊದಲ್ಲಿ ವಾರಕ್ಕೊಂದು ಗಂಟೆ ಹಾಡಿನ ಕಾರ್ಯಕ್ರಮ ನಡೆಸುವ ಹುಡುಗ ಹುಡುಗಿಯರು ಈಗ ಕರ್ನಾಟಕದ ಹಲವು ಕಾಲೇಜುಗಳಲ್ಲಿ ಇದ್ದಾರೆ. ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಮುಂದೆ ಕೂತು, ‘ಈಗ ಬರುವ ಹಾಡು’ ಅಂತ ಶುರುಮಾಡುವ ಈ ಕೆಲಸ ಹೊಸ ಕಾಲದ ಷೋಕಿ ಅನ್ನಿಸಬಹುದು. ಅದರ ಬೇರು ಹುಡುಕಿಕೊಂಡು ಹೋದರೆ ನಮ್ಮ ಜಿಲ್ಲೆಗೇ ಬಂದು ನಿಲ್ಲುತ್ತೇವೆ. ಹಾಗಾಗಿ ಈ ಸಲ ಅದೇ ಕತೆ. ಜೊತೆಗೆ ಒಂದು ಪ್ರಶ್ನೆಯೂ ಇದೆ: ತೊಂಬತ್ತು ವರ್ಷದ ಈ ರೇಡಿಯೊ ಚರಿತ್ರೆಯಲ್ಲಿ ನಮ್ಮೂರ ಕಡೆಯ ಹಾಡಿಗೆ ಎಷ್ಟು ಹೊತ್ತು ಸಿಕ್ಕಿತು?

ಮೇಷ್ಟ್ರ ಹೆಸರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ದೊಡ್ಡ ಮನಶ್ಶಾಸ್ತ್ರಜ್ಞರ ಬಳಿ ಓದಿ ಬಂದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು. ಮನಸ್ಸಿನ ಪಾಠ ಹೇಳುವವರಿಗೆ ರೇಡಿಯೊ ಯಾಕೆ ಬೇಕಿತ್ತು ಅಂತ ಕೇಳಬಹುದು. ನಮಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಕಣ್ಣಿಗೆ ಕಾಣದ ಒಂದು ದನಿ ಮನೆಯೊಳಗೆ ಬಂದು ಮಾತಾಡಿದರೆ ಕೇಳುವವರ ಮನಸ್ಸಿನಲ್ಲಿ ಏನಾಗುತ್ತದೆ ಅನ್ನುವ ಕುತೂಹಲ ಅಂಥವರಿಗಲ್ಲದೆ ಇನ್ನಾರಿಗೆ ಹುಟ್ಟಬೇಕು?

1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ಅವರ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಶುರುವಾಯಿತು. ಯಂತ್ರದ ಶಕ್ತಿ 30 ವಾಟ್. ಮನೆಯ ನಡುಮನೆಯಲ್ಲಿ ಹಿಂದೆ ಉರಿಯುತ್ತಿದ್ದ ಅರವತ್ತರ ಬಲ್ಬಿನ ಅರ್ಧ. ಮೊದಲ ದಿನದ ಪ್ರಸಾರದಲ್ಲಿ ಕುವೆಂಪು ತಮ್ಮ ಕವಿತೆ ಓದಿದರು. ಆಗ ಅವರು ಇನ್ನೂ ರಾಷ್ಟ್ರಕವಿ ಅಲ್ಲ, ಅದೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೂವತ್ತರ ಹರೆಯದ ಮೇಷ್ಟ್ರು. ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಮೈಸೂರಿನಲ್ಲಿ ಹೇಳುತ್ತಾ ಬಂದಿದ್ದಾರೆ. ಕಸ್ತೂರಿ ಕೇರಳದಿಂದ ಬಂದು ಕನ್ನಡದಲ್ಲಿ ನಗೆಬರಹ ಬರೆದವರು, ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಕಲಿಸುತ್ತಿದ್ದವರು. ಮುಂದೆ ನಿಲಯದ ಕೆಲಸಕ್ಕೂ ಅವರು ಹೆಗಲು ಕೊಟ್ಟರು.

ಲೆಕ್ಕ ಹಾಕಿ ನೋಡಿ. ಯಂತ್ರ ತಂದವರು ಮೇಷ್ಟ್ರು, ಕವಿತೆ ಓದಿದವರು ಮೇಷ್ಟ್ರು, ಹೆಸರು ಇಟ್ಟವರು ಮೇಷ್ಟ್ರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದು ಕ್ಯಾಂಪಸ್ ರೇಡಿಯೊ. ಕಾಲೇಜಿನ ಕಾಂಪೌಂಡಿನಿಂದ ಸ್ವಲ್ಪ ಆಚೆಗಿತ್ತು, ಅಷ್ಟೆ. ಆಗ ಬ್ರಿಟಿಷರ ಸರ್ಕಾರದ ಪ್ರಸಾರ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೊ’ ಅನ್ನುವ ಹೆಸರೂ ಬಂದಿರಲಿಲ್ಲ. ಅದು ಬಂದದ್ದು 1936ರ ಜೂನ್‌ನಲ್ಲಿ.

ಆ ಕಾಲದಲ್ಲಿ ರೇಡಿಯೊದಲ್ಲಿ ಹಾಡು ಹಾಕುವುದು ಅಂದರೆ ಏನು ಅಂತ ಯೋಚಿಸಿ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಸಾವಿರಾರು ಹಾಡು ಇಲ್ಲ. ಟೇಪು ಬಂದಿರಲಿಲ್ಲ. ಇದ್ದದ್ದು ಗ್ರಾಮಾಫೋನ್ ತಟ್ಟೆ. ಅದರ ಒಂದು ಮಗ್ಗುಲಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಅಷ್ಟರಲ್ಲಿ ರಾಗ ಮುಗಿಸಬೇಕು. ಅದು ಬೇಡ ಅಂದರೆ ಹಾಡುವವರನ್ನೇ ಕರೆದುಕೊಂಡು ಬಂದು ಮೈಕಿನ ಮುಂದೆ ಕೂರಿಸಬೇಕು, ಹಾಡಿದ ಹಾಗೇ ಗಾಳಿಗೆ ಹೋಗಬೇಕು. ಕೆಮ್ಮಿದರೆ ಕೆಮ್ಮೂ ಹೋಗುತ್ತದೆ. ಸಂಗೀತ ಗೊತ್ತಿರುವ ಊರಿನಲ್ಲಿ ಮಾತ್ರ ಇಂಥ ರೇಡಿಯೊ ನಡೆಯಲು ಸಾಧ್ಯ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ ವಾಸುದೇವಾಚಾರ್ಯರು ಇದ್ದರು, ವೀಣೆ ವೆಂಕಟಗಿರಿಯಪ್ಪನವರು ಇದ್ದರು. ವಿದ್ವಾಂಸರಿಗೆ ಬರ ಇರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಒಬ್ಬರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಟಿ. ಚೌಡಯ್ಯ. ಆ ‘ಟಿ’ ಅಂದರೆ ತಿರುಮಕೂಡಲು, ಕಾವೇರಿಯೂ ಕಪಿಲೆಯೂ ಸೇರುವ ನಮ್ಮ ತಿ. ನರಸೀಪುರದ ತಿರುಮಕೂಡಲು. 1895ರಲ್ಲಿ ಅಲ್ಲಿ ಹುಟ್ಟಿ, ಮೈಸೂರಿಗೆ ಹೋಗಿ, ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಕಲಿತರು. ಆಗಿನ ಕಛೇರಿಗಳಲ್ಲಿ ಮೈಕು ಇಲ್ಲ. ಪಿಟೀಲಿನ ನಾದ ಮುಂದಿನ ನಾಲ್ಕು ಸಾಲಿಗೆ ಕೇಳಿಸಿ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯದ್ದು ಮಾಡಿಕೊಂಡರು. ನಾದ ದಪ್ಪವಾಯಿತು, ಹಿಂದಿನ ಸಾಲಿಗೂ ಹೋಯಿತು. ಹಾಡುವವರ ಎದುರಿಗಿದ್ದ ತೊಂದರೆ ಯಾವತ್ತೂ ಇದೇ: ದನಿ ಎಲ್ಲಿಯವರೆಗೆ ಮುಟ್ಟುತ್ತದೆ? ನಮ್ಮೂರಿನವರು ಅದಕ್ಕೆ ತಂತಿ ಕಟ್ಟಿ ಪರಿಹಾರ ಕಂಡರು, ಒಂಟಿಕೊಪ್ಪಲಿನ ಮೇಷ್ಟ್ರು ತಂತಿಯೇ ಇಲ್ಲದೆ ಕಳಿಸುವ ದಾರಿ ಹಿಡಿದರು.

ಗೋಪಾಲಸ್ವಾಮಿಯವರು ಕೈಯಿಂದ ಹಣ ಹಾಕಿ ಕೆಲವು ವರ್ಷ ನಡೆಸಿದರು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ಕ್ಕೆ ಅದು ಆಲ್ ಇಂಡಿಯಾ ರೇಡಿಯೊದೊಳಗೆ ಸೇರಿಹೋಯಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮುಂದೆ ಒಂದೆರಡು ವರ್ಷದಲ್ಲಿ ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶದ ರೇಡಿಯೊಗೆ ಇಟ್ಟರು. ಅಂದರೆ ಹೆಸರು ದೇಶಕ್ಕೆಲ್ಲ ಹರಡಿದ ಹೊತ್ತಿಗೆ ಹೆಸರಿಟ್ಟ ಊರಿನಲ್ಲೇ ನಿಲಯ ಇರಲಿಲ್ಲ. ಮೈಸೂರಿಗೆ ಮತ್ತೆ ಸ್ವಂತ ನಿಲಯ ಬಂದದ್ದು 1974ರಲ್ಲಿ. ಬಂದದ್ದೂ ಎಲ್ಲಿಗೆ ಅಂದರೆ ಯಾದವಗಿರಿಗೆ, ಮೇಷ್ಟ್ರ ಹಳೆಯ ಮನೆಯಿಂದ ನಡೆದು ಹೋಗುವಷ್ಟು ದೂರಕ್ಕೆ.

ದೊಡ್ಡ ಸಂಸ್ಥೆಯಾದ ಮೇಲೆ ರೇಡಿಯೊ ಹೆಚ್ಚು ದೂರ ಮುಟ್ಟಿತು. ಇದು ಸಣ್ಣ ಮಾತಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಒಂದು ಪೆಟ್ಟಿಗೆ, ಸಂಜೆ ಅದರ ಮುಂದೆ ಊರು ಕೂತು ಕೃಷಿ ವಿಚಾರ, ವಾರ್ತೆ, ಹಾಡು ಕೇಳುವುದು ನಮ್ಮ ಅಜ್ಜಂದಿರ ಕಾಲದ ಸಂಗತಿ. ಸ್ವಂತ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ವರ್ಷ ವರ್ಷ ಶುಲ್ಕ ಕಟ್ಟುತ್ತಿದ್ದರು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಹಾಡು ಕೇಳಲು ಲೈಸೆನ್ಸೇ ಅಂತ ನಗುತ್ತಾರೆ.

ಆದರೆ ದೂರ ಮುಟ್ಟುತ್ತಾ ಹೋದ ಹಾಗೆ ಬಾಗಿಲು ಕಿರಿದಾಯಿತು. ಯಾರು ಹಾಡಬಹುದು, ಏನು ಹಾಡಬಹುದು, ಯಾವ ವಾದ್ಯ ನುಡಿಸಬಹುದು ಅನ್ನುವುದಕ್ಕೆ ದೆಹಲಿಯಿಂದ ನಿಯಮ ಬಂತು. ಇದರಲ್ಲಿ ಎರಡು ನಿಯಮ ನಮ್ಮಂಥ ಊರುಗಳಿಗೆ ನೇರವಾಗಿ ತಾಗುವಂಥವು.

ಒಂದು ಹಾರ್ಮೋನಿಯಂ ಕತೆ. 1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೊ ತನ್ನ ನಿಲಯಗಳಲ್ಲಿ ಹಾರ್ಮೋನಿಯಂ ನುಡಿಸುವ ಹಾಗಿಲ್ಲ ಎಂದು ತೀರ್ಮಾನಿಸಿತು. ಅದು ವಿಲಾಯಿತಿಯ ವಾದ್ಯ, ಅದರ ಸ್ವರಗಳು ಕಟ್ಟಿಟ್ಟಂಥವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದರಲ್ಲಿ ಬರುವುದಿಲ್ಲ ಅನ್ನುವುದು ಕಾರಣ. ರವೀಂದ್ರನಾಥ ಟ್ಯಾಗೋರರಿಗೂ ಆ ವಾದ್ಯ ಕಂಡರೆ ಆಗುತ್ತಿರಲಿಲ್ಲ. ಸಂಗೀತಶಾಸ್ತ್ರದ ಲೆಕ್ಕದಲ್ಲಿ ಅವರ ಮಾತಿನಲ್ಲಿ ಹುರುಳಿದೆ ಅಂತ ಒಪ್ಪೋಣ. ಆದರೆ ಹಳೇ ಮೈಸೂರಿನ ಹಳ್ಳಿಯಲ್ಲಿ ಹಾರ್ಮೋನಿಯಂ ಅಂದರೆ ಏನು? ಬೇಸಾಯ ಮುಗಿದ ಮೇಲೆ ಊರಿನ ಹುಡುಗರಿಗೆ ‘ಕುರುಕ್ಷೇತ್ರ’ ನಾಟಕ ಕಲಿಸಲು ಬರುವ ಮೇಷ್ಟ್ರ ಕೈಯಲ್ಲಿ ಅದೇ. ದುರ್ಯೋಧನ ರಂಗದ ಮೇಲೆ ಬರುವ ಮೊದಲು ಅದೇ. ಶನಿವಾರ ರಾತ್ರಿ ಭಜನೆಮನೆಯಲ್ಲಿ ಅದೇ. ದೇವನೂರಿನಲ್ಲಿ ಗುರುಮಲ್ಲೇಶ್ವರರ ಮಠ ಇದೆ, ಸುತ್ತಲಿನ ಊರುಗಳಲ್ಲಿ ಭಜನೆ ಮೇಳಗಳಿವೆ. ತಾಳ, ಹಾರ್ಮೋನಿಯಂ, ತಬಲ ಇಲ್ಲದೆ ಆ ಭಜನೆಯನ್ನು ಊಹಿಸಿಕೊಳ್ಳಿ ನೋಡೋಣ. ಶ್ರುತಿ ಕೊಡುವ ಯಜಮಾನನನ್ನೇ ಹೊರಗೆ ಕೂರಿಸಿ ಒಳಗೆ ಮದುವೆ ಮಾಡಿದ ಹಾಗೆ.

ಮೂವತ್ತೊಂದು ವರ್ಷ ಆ ನಿಯಮ ಇತ್ತು. 1971ರಲ್ಲಿ ಸಡಿಲ ಮಾಡಿದರು, ಅದೂ ಒಂದೇ ಸಲ ಪೂರ್ತಿಯಾಗಿ ಅಲ್ಲ. ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ನಾಟಕದ ಮೇಷ್ಟ್ರುಗಳು ತೀರಿಹೋಗಿದ್ದರು.

ಇನ್ನೊಂದು ಸಿನಿಮಾ ಹಾಡಿನ ಕತೆ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾದರು, ಹತ್ತು ವರ್ಷ ಇದ್ದರು. ಶಾಸ್ತ್ರೀಯ ಸಂಗೀತವನ್ನು ಉಳಿಸಬೇಕು ಅನ್ನುವ ಹಟ ಅವರದು. ಕಲಾವಿದರಿಗೆ ಧ್ವನಿ ಪರೀಕ್ಷೆ, ಬಿ, ಎ ಅಂತ ದರ್ಜೆಗಳು, ಎಲ್ಲ ಬಿಗಿಯಾಯಿತು. ಸಿನಿಮಾ ಹಾಡು ರೇಡಿಯೊದಿಂದ ಹೆಚ್ಚುಕಡಿಮೆ ಮಾಯವಾಯಿತು. ಜನ ಏನು ಮಾಡಿದರು? ರೇಡಿಯೊ ಆರಿಸಲಿಲ್ಲ. ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ ಹೋದರು.

ಅಲ್ಲಿಂದ 1952ರ ಡಿಸೆಂಬರ್ 3ರಂದು, ಒಂದು ಬುಧವಾರ, ಬಿನಾಕ ಗೀತ್‌ಮಾಲಾ ಶುರುವಾಯಿತು. ನಿರೂಪಕ ಅಮೀನ್ ಸಯಾನಿ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮುಂಬೈಯಲ್ಲಿ ಕಾಲೇಜು ಓದುವ ಹುಡುಗ. ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರ ಬಂದವು ಅಂತ ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಬುಧವಾರ ರಾತ್ರಿ ಎಂಟು ಗಂಟೆ ಅಂದರೆ ಊರೂರಲ್ಲಿ ಬೀದಿ ಖಾಲಿ. ಇವತ್ತು ಕ್ಯಾಂಪಸ್ ರೇಡಿಯೊದಲ್ಲಿ ವಾರದ ಹಾಡಿನ ಕಾರ್ಯಕ್ರಮ ನಡೆಸುವವರೆಲ್ಲ ತಿಳಿದೋ ತಿಳಿಯದೆಯೋ ಆ ಹುಡುಗನ ಶಿಷ್ಯರು. ವಾರ, ದಿನ, ಹೊತ್ತು ತಪ್ಪಬಾರದು, ಕೇಳುವವರನ್ನು ಮನೆಯವರ ಹಾಗೆ ಮಾತಾಡಿಸಬೇಕು, ಹಾಡಿನ ಹಿಂದೆ ಒಂದು ಸಣ್ಣ ಕತೆ ಇರಬೇಕು. ಮೂರೂ ಅವರಿಂದ ಕಲಿತದ್ದು. ಸರ್ಕಾರಕ್ಕೂ ಬುದ್ಧಿ ಬಂತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿ ಸಿನಿಮಾ ಹಾಡಿಗೆ ಮತ್ತೆ ಬಾಗಿಲು ತೆರೆದರು.

ಸಿನಿಮಾ ಹಾಡಿನ ಹಿಂದೆ ಜನ ಇದ್ದರು, ಸಿಲೋನ್ ಇತ್ತು. ಹಾಗಾಗಿ ಐದು ವರ್ಷದಲ್ಲಿ ಅದು ವಾಪಸ್ಸು ಬಂತು. ನೀಲಗಾರರ ಪದದ ಹಿಂದೆ ಯಾರಿದ್ದರು?

ನಮ್ಮ ಸೀಮೆಯ ದೊಡ್ಡ ಹಾಡುಗಳು ಎರಡು. ಮಂಟೇಸ್ವಾಮಿಯ ಕಾವ್ಯ, ಮಲೆಯ ಮಾದೇಶ್ವರನ ಕಾವ್ಯ. ಒಂದನ್ನು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ನೀಲಗಾರರು ಹಾಡುತ್ತಾರೆ. ಇನ್ನೊಂದನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುತ್ತಾರೆ. ನೀಲಗಾರರಲ್ಲಿ ಹೆಚ್ಚಿನವರು ದಲಿತ ಕೇರಿಯವರು. ಒಂದು ರಾತ್ರಿಗೆ ಮುಗಿಯುವ ಹಾಡಲ್ಲ ಇದು. ದೀಪ ಹಚ್ಚಿ ಕೂತರೆ ಬೆಳಗಿನ ಜಾವದವರೆಗೆ, ಹಾಗೆ ಹಲವು ರಾತ್ರಿ. ಕೇಳುವವರು ನಡುನಡುವೆ ‘ಹ್ಞೂಂ’ ಅನ್ನಬೇಕು, ಹಿಮ್ಮೇಳದವರು ಸೊಲ್ಲು ಹಿಡಿಯಬೇಕು. ಇದನ್ನು ರೇಡಿಯೊದವರು ಕರೆದರೂ ಕೊಡುವುದು ಹದಿನೈದು ನಿಮಿಷ, ಅರ್ಧ ಗಂಟೆ. ‘ಜಾನಪದ ಗೀತೆಗಳು’ ಅನ್ನುವ ಹೆಸರಿನಡಿ ಒಂದು ತುಂಡು. ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೊರಡುವ ಹೊತ್ತಿಗೆ ‘ಇಲ್ಲಿಗೆ ಜಾನಪದ ಗೀತೆಗಳ ಕಾರ್ಯಕ್ರಮ ಮುಗಿಯಿತು’.

ಆಕಾಶವಾಣಿಯನ್ನು ಬರಿದೇ ದೂರುವುದು ನಮ್ಮ ಉದ್ದೇಶ ಅಲ್ಲ. 1974ರ ನಂತರ ಮೈಸೂರು ನಿಲಯ ಎಷ್ಟೋ ಹಳ್ಳಿ ಕಲಾವಿದರನ್ನು ಮೈಕಿನ ಮುಂದೆ ಕೂರಿಸಿದೆ, ಸಂಭಾವನೆ ಕೊಟ್ಟಿದೆ. ಆದರೆ ದಿನವಿಡೀ ಎಲ್ಲರಿಗೂ ಹಂಚಬೇಕಾದ ನಿಲಯಕ್ಕೆ ಒಂದು ರಾತ್ರಿಯ ಹಾಡನ್ನು ಹಾಗೇ ಬಿಡಲು ಆಗುವುದಿಲ್ಲ. ಆ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದ್ದು ಮಾನಸಗಂಗೋತ್ರಿಯವರು. ಜೀ.ಶಂ. ಪರಮಶಿವಯ್ಯನವರು ಮತ್ತು ಅವರ ಜೊತೆಯವರು ಊರೂರು ಅಲೆದು ಹಾಡು ಸಂಗ್ರಹಿಸಿದರು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆಯಿತು. ಪಿ.ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರ ಕಾವ್ಯವನ್ನು ಹಾಡುವವರ ಬಾಯಿಂದ ಕೇಳಿ ಬರೆದು 1973ರಲ್ಲಿ ಪುಸ್ತಕ ಮಾಡಿದರು. ಕಾಲೇಜು ಮತ್ತೆ ಊರಿನ ಹಾಡಿನ ಕಡೆ ತಿರುಗಿತು. ಆದರೆ ಸಿಕ್ಕಿದ್ದು ಪುಸ್ತಕವಾಗಿ. ಕೇಳಬೇಕಾದದ್ದನ್ನು ಓದಬೇಕಾಯಿತು. ಹಾಡಿದವರಲ್ಲಿ ಹಲವರಿಗೆ ಓದಲು ಬರುತ್ತಿರಲಿಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು.

ಭಾಷೆಯ ಮಾತೂ ಇದೆ. ರೇಡಿಯೊ ಕನ್ನಡ ಅಂದರೆ ಇಸ್ತ್ರಿ ಮಾಡಿದ ಕನ್ನಡ. ನಂಜನಗೂಡು ಸೀಮೆಯ ಮಾತು ಅಲ್ಲಿ ಬಂದರೆ ನಾಟಕದ ಆಳಿನ ಬಾಯಲ್ಲಿ, ನಗಿಸಲು. ಆ ಮಾತಿನಲ್ಲೇ ಇಡೀ ಕಾದಂಬರಿ ಬರೆಯಬಹುದು ಅಂತ ತೋರಿಸಿದವರು ದೇವನೂರಿನವರೇ ಆದ ದೇವನೂರ ಮಹಾದೇವ. ‘ಕುಸುಮಬಾಲೆ’ ಬಂದದ್ದು 1984ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು 1990ರಲ್ಲಿ. ಪುಸ್ತಕಕ್ಕೆ ಆ ಧೈರ್ಯ ಬಂದು ನಲವತ್ತು ವರ್ಷವಾಯಿತು. ಮೈಕಿನ ಮುಂದೆ ಕೂತ ನಮ್ಮ ಹುಡುಗರು ಮಾತ್ರ ಇವತ್ತಿಗೂ ಬೆಂಗಳೂರಿನ ಖಾಸಗಿ ಎಫ್‌ಎಂನವರ ಹಾಗೆ ಅರ್ಧ ಇಂಗ್ಲಿಷು ಬೆರೆಸಿ ಉಸಿರುಗಟ್ಟಿ ಮಾತಾಡುತ್ತಾರೆ. ಅವ್ವ ಕೇಳಿದರೆ ‘ಯಾರ್ಲ ಇವ್ನು, ಯಾಕಿಂಗ್ ಓಡ್ತನೆ’ ಅನ್ನಬೇಕು.

ಇನ್ನು ಬಾಗಿಲು ಮತ್ತೆ ತೆರೆದ ಕತೆ. ಅದಕ್ಕೆ ಕಾರಣವಾದದ್ದು ಹಾಡಲ್ಲ, ಕ್ರಿಕೆಟ್ಟು. 1993ರಲ್ಲಿ ಹೀರೋ ಕಪ್ ಪಂದ್ಯಾವಳಿಯನ್ನು ಟಿವಿಯಲ್ಲಿ ಯಾರು ತೋರಿಸಬೇಕು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಗಳ ಬಂತು. ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, ಗಾಳಿಯಲ್ಲಿ ಸಾಗುವ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರ ಒಂದೇ ಅದಕ್ಕೆ ಒಡೆಯ ಅಲ್ಲ ಅಂದಿತು. ಕೆರೆ ಊರಿನದು ಅಂದ ಹಾಗೆ. ಅಷ್ಟಾದರೂ ಕಾಲೇಜುಗಳಿಗೆ ಲೈಸೆನ್ಸ್ ಕೊಡಲು 2002ರ ಕೊನೆಯವರೆಗೆ ಕಾಯಿಸಿದರು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೊ ಶುರುವಾಯಿತು. ಮೊದಲನೆಯದು ಅಂತ ಪುಸ್ತಕಗಳಲ್ಲಿ ಇರುವುದು ಹಾಗೆ. ಒಂಟಿಕೊಪ್ಪಲಿನ ಮೇಷ್ಟ್ರನ್ನು ಬಲ್ಲ ನಾವು ಒಳಗೊಳಗೇ ನಗಬಹುದು.

2006ರ ನವೆಂಬರ್‌ನಲ್ಲಿ ನಿಯಮ ಇನ್ನಷ್ಟು ಸಡಿಲವಾಗಿ ಕೃಷಿ ವಿಶ್ವವಿದ್ಯಾನಿಲಯಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಬಂತು. ಕರ್ನಾಟಕದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ, ಬೆಂಗಳೂರು, ಮಣಿಪಾಲ, ಮಂಗಳೂರಿನ ಕಾಲೇಜುಗಳು ನಿಲಯ ಮಾಡಿಕೊಂಡವು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಲೈಸೆನ್ಸ್ ಇಲ್ಲದ ಕಾಲದಲ್ಲಿ ಟಿವಿ ಕೇಬಲ್ಲಿನಲ್ಲಿ ದನಿ ಹರಿಸಿದ್ದರು. ಗಾಳಿ ಸರ್ಕಾರದ್ದಾದರೆ ತಂತಿ ನಮ್ಮದು ಅಂತ. ನಮ್ಮ ಗಡಿಯಾಚೆ ಮೆದಕ್ ಸೀಮೆಯಲ್ಲಿ 2008ರಲ್ಲಿ ದಲಿತ ಹೆಂಗಸರೇ ನಡೆಸುವ ಸಂಘಂ ರೇಡಿಯೊ ಶುರುವಾಯಿತು. ನಮ್ಮ ಜಿಲ್ಲೆಯಲ್ಲಿ ಸರಗೂರಿನಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ 90.8ರಲ್ಲಿ 2012ರಿಂದ ಇದೆ.

ಈ ಸಣ್ಣ ರೇಡಿಯೊಗಳ ಅಳತೆ ಹೀಗಿದೆ. ಹೊರಡುವ ಶಕ್ತಿ 100 ವಾಟ್ ಮೀರುವ ಹಾಗಿಲ್ಲ, ಕಂಬ 30 ಮೀಟರಿಗಿಂತ ಎತ್ತರ ಇರುವ ಹಾಗಿಲ್ಲ. ಹತ್ತು ಹದಿನೈದು ಕಿಲೋಮೀಟರು ಕೇಳಿಸಿದರೆ ಪುಣ್ಯ. ಸರಗೂರಿನ ದನಿ ನಂಜನಗೂಡು ಸೀಮೆಗೆ ಬಂದು ಮುಟ್ಟುವ ದೂರವಲ್ಲ. ಕಾರ್ಯಕ್ರಮದಲ್ಲಿ ಅರ್ಧಕ್ಕಾದರೂ ಆ ಊರಿನ ಜನರೇ ಸೇರಿ ಮಾಡಿದ್ದಿರಬೇಕು. ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಪತ್ರಿಕೋದ್ಯಮ ಓದಿದ ನಮಗೆ ಈ ಕೊನೆಯದು ತಮಾಷೆಯಾಗಿ ಕಾಣುತ್ತದೆ. ಸುದ್ದಿ ಬರೆಯಲು ಕಲಿತವರನ್ನು ರೇಡಿಯೊ ಕೋಣೆಯಲ್ಲಿ ಕೂರಿಸಿ, ಸುದ್ದಿ ಬಿಟ್ಟು ಬೇರೆ ಏನಾದರೂ ಹೇಳಿ ಅನ್ನುತ್ತಾರೆ. ಹಾಗಾಗಿ ಹಾಡಿನ ಕಾರ್ಯಕ್ರಮಕ್ಕೆ ಕೈ ಹಾಕುವವರು ಹೆಚ್ಚು. ಜಾತ್ರೆ ಯಾವತ್ತು, ಪರೀಕ್ಷೆ ಯಾವತ್ತು, ಕರೆಂಟು ಎಷ್ಟು ಹೊತ್ತು ಇರುವುದಿಲ್ಲ ಅನ್ನುವುದನ್ನು ಎರಡು ಹಾಡಿನ ನಡುವೆ ಹೇಳಿಬಿಡುತ್ತಾರೆ.

ವಾರಕ್ಕೊಂದು ಗಂಟೆಯ ಕಾರ್ಯಕ್ರಮ ಅಂದರೆ ವರ್ಷಕ್ಕೆ 52 ಗಂಟೆ. ಗಂಟೆಗೆ ಮಾತು ಕಳೆದು ಎಂಟು ಹತ್ತು ಹಾಡು. ಸಿನಿಮಾ ಹಾಡು ಹಾಕಬೇಕಾದರೆ ಹಕ್ಕು ಇರುವ ಕಂಪನಿಗೆ ದುಡ್ಡು ಕಟ್ಟಬೇಕು, ಸಣ್ಣ ನಿಲಯಕ್ಕೆ ಅದು ಭಾರ. ಮೇಲಾಗಿ ಆ ಹಾಡು ಕೇಳುವವರ ಫೋನಿನಲ್ಲೇ ಇದೆ, ಅದಕ್ಕಾಗಿ ಯಾರೂ ಶನಿವಾರ ಸಂಜೆಯವರೆಗೆ ಕಾಯುವುದಿಲ್ಲ. ಫೋನಿನಲ್ಲಿ ಸಿಗದ ಹಾಡು ಯಾವುದು? ಪಕ್ಕದ ಬೀದಿಯ ಸೋಬಾನೆ. ನಾಟಿ ಗದ್ದೆಯ ಪದ. ಭಜನೆಮನೆಯ ತತ್ವಪದ. ಕೇರಿಯ ನೀಲಗಾರರ ಕತೆ. ನಿಲಯದ ಖರ್ಚೂ ಕೇಳುವವರ ಆಸೆಯೂ ಒಂದೇ ಕಡೆ ಕೈ ತೋರಿಸುವುದು ಅಪರೂಪ, ಇಲ್ಲಿ ತೋರಿಸುತ್ತವೆ.

ಆದರೂ ಕ್ಯಾಂಪಸ್ಸಿನಲ್ಲಿ ಕೂತವರು ಊರಿಗೆ ಹೋಗುವುದು ಕಡಿಮೆ. ಹೋದವರೂ ಮೊದಲು ಯಾರ ಮನೆಗೆ ಹೋಗುತ್ತಾರೆ ಅನ್ನುವುದನ್ನು ನೋಡಬೇಕು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಹಾಡೋರು ಯಾರಿದಾರೆ’ ಅಂತ ಕೇಳಿದರೆ ತೋರಿಸುವುದು ಮೇಲಿನ ಬೀದಿಯನ್ನೇ. ಕೇರಿಯ ತಂಬೂರಿ ಅಲ್ಲಿಯ ಗೋಡೆಯಲ್ಲೇ ನೇತಾಡುತ್ತಿರುತ್ತದೆ. ಹೆಂಗಸರನ್ನು ಕೇಳಿದರೆ ‘ನಮಗೆಲ್ಲಿ ಬತ್ತದೆ ಬುಡಿ’ ಅಂತಾರೆ, ಮೂರು ಸಲ ಕೇಳಿದ ಮೇಲೆ ಮುಕ್ಕಾಲು ಗಂಟೆ ಹಾಡುತ್ತಾರೆ. ಇನ್ನು ಧ್ವನಿಮುದ್ರಣದ ಪಾಡು. ಟ್ರ್ಯಾಕ್ಟರ್, ನಾಯಿ, ಮಿಕ್ಸಿ, ಮಸೀದಿ ದೇವಸ್ಥಾನದ ಮೈಕು, ಎಲ್ಲ ಒಟ್ಟಿಗೆ. ಮಧ್ಯಾಹ್ನ ಎರಡರಿಂದ ನಾಲ್ಕು ಊರು ಸ್ವಲ್ಪ ತಣ್ಣಗಿರುತ್ತದೆ, ಹಟ್ಟಿಯ ಒಳಕೋಣೆಯಲ್ಲಿ ಕಂಬಳಿ ಹಾಸಿ ಕೂರಿಸಿದರೆ ಗೋಡೆಯ ಪ್ರತಿಧ್ವನಿಯೂ ಕಡಿಮೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹಾಡುವವರ ಬಾಯಿಂದ ಒಂದು ಗೇಣು ಪಕ್ಕಕ್ಕೆ ಹಿಡಿದರೆ ಪ್ರಸಾರಕ್ಕೆ ಸಾಕಾಗುವ ದನಿ ಸಿಗುತ್ತದೆ.

ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅವರ ದನಿಯಲ್ಲೇ ಮೊದಲು ಹೇಳಿಸುವುದು ಒಳ್ಳೆಯದು. ‘ಜಾನಪದ, ಸಂಗ್ರಹ’ ಅಂತ ಹೇಳಿ ಮುಗಿಸುವುದು ಹಳೆಯ ಚಾಳಿ. ವಾಸುದೇವಾಚಾರ್ಯರ ಕೃತಿಗೆ ಅವರ ಹೆಸರು ಹೇಳುತ್ತೇವೆ. ಇಡೀ ಕಾವ್ಯವನ್ನು ತಲೆಯಲ್ಲಿ ಇಟ್ಟುಕೊಂಡವರನ್ನು ಹೆಸರಿಲ್ಲದವರನ್ನಾಗಿ ಮಾಡುವುದು ಯಾವ ನ್ಯಾಯ? ಕೇಳಿಸಿದ ಮೇಲೆ ಆ ಫೈಲನ್ನು ಏನು ಮಾಡುತ್ತಾರೆ ಅನ್ನುವುದೂ ಮುಖ್ಯ. ಕಾಲೇಜಿನ ಬ್ಯಾಚು ಮುಗಿದ ಹಾಗೆ ಕಂಪ್ಯೂಟರ್ ಖಾಲಿ ಮಾಡುತ್ತಾರೆ. ಹಾಡಿದವರ ಮನೆಯ ಮಕ್ಕಳ ಫೋನಿಗೆ ಒಂದು ಪ್ರತಿ ಕಳಿಸಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಹದಿನೈದು ನಿಮಿಷದ ತೊಂದರೆಗೆ ವಾರದ ಕಾರ್ಯಕ್ರಮದಲ್ಲೇ ಉತ್ತರ ಇದೆ. ಮಾದೇಶ್ವರನ ಕಾವ್ಯವನ್ನು ಹಾಡುವವರು ‘ಸಾಲು’ಗಳಾಗಿ ಕಟ್ಟಿಟ್ಟಿದ್ದಾರೆ: ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಒಂದು ರಾತ್ರಿ ಎಲ್ಲಿಗೆ ನಿಂತಿತೋ ಮರುರಾತ್ರಿ ಅಲ್ಲಿಂದ ಎತ್ತಿಕೊಳ್ಳುವುದು ಅವರಿಗೆ ಮೊದಲಿನಿಂದ ಗೊತ್ತಿರುವ ವಿದ್ಯೆ. ಶನಿವಾರ ಸಂಜೆ ಐದು ಗಂಟೆಗೆ ಸಂಕಮ್ಮನ ಸಾಲು ಅಂತ ಶುರುಮಾಡಿ, ಸಂಕಮ್ಮನ ಗಂಡ ನೀಲಯ್ಯ ಜೇನು ತರಲು ಕಾಡಿಗೆ ಹೊರಡುವಲ್ಲಿಗೆ ಆರು ಗಂಟೆಯಾದರೆ, ಮುಂದಿನದು ಮುಂದಿನ ಶನಿವಾರಕ್ಕೆ. ಎಷ್ಟು ಶನಿವಾರ ಬೇಕೊ ಅಷ್ಟು.